ಹಳೇ ಸೈಕಲ್, ಜೋಮು ಹಿಡಿಯುವ ಕೈ

ಪ್ರಶ್ನೆ: ನನ್ನದು ರಾಡ್ ಬ್ರೇಕಿನ, 28 ಇಂಚು ಗಾಲಿಯ ಹಳೇ ಸೈಕಲ್. ದಿನಾ ಆರೇಳು ಕಿ.ಮೀ. ತುಳಿಯುತ್ತೇನೆ. ಬೆನ್ನು ನೋವು, ಅಂಗೈಗೆ ಜೋಮು, ಏರು ಬಂದರೆ ಇಳಿದು ತಳ್ಳಬೇಕು. ಜೆಲ್ ಸೀಟ್ ಕವರ್ ಹಾಕಿಸಿದರೂ ಸುಖವಿಲ್ಲ. ಏನೇನು ಬದಲಾಯಿಸಲಿ?
– ಓದುಗರೊಬ್ಬರು, ಧಾರವಾಡ

ಉತ್ತರ: ಮೊದಲು ಆ ಕವರ್ ತೆಗೆದುಹಾಕಿ. ಕೂತ ಕಡೆ ಜೆಲ್ ಒತ್ತಿಹೋಗಿ ನಡುವೆ ಉಬ್ಬುತ್ತದೆ, ನೋವು ಜಾಗ ಬದಲಿಸುತ್ತದೆ ಅಷ್ಟೆ. ಅಂಗಡಿಗೆ ಹೋಗುವ ಮುಂಚೆ ಪಾನಾ ಹಿಡಿಯಿರಿ. ಗೋಡೆಗೆ ಕೈಕೊಟ್ಟು ಸೀಟಿನ ಮೇಲೆ ಕೂತು, ಪೂರ್ತಿ ಕೆಳಗಿಳಿದ ಪೆಡಲ್ ಮೇಲೆ ಹಿಮ್ಮಡಿ ಇಡಿ. ಮಂಡಿ ನೆಟ್ಟಗಾದರೆ ಎತ್ತರ ಸರಿ. ಸೀಟಿನ ಮೂತಿ ಮುಂದಕ್ಕೆ ಬಾಗಿದ್ದರೆ ಮೈ ಜಾರಿ ಭಾರವೆಲ್ಲ ಅಂಗೈಗೆ ಬೀಳುತ್ತದೆ. ನಿಮ್ಮ ಜೋಮಿಗೆ ಬಹುಶಃ ಇದೇ ಕಾರಣ. ಮೂತಿ ಮಟ್ಟವಾಗಿರಲಿ.

ಹ್ಯಾಂಡಲ್ ಸೀಟಿಗಿಂತ ಒಂದಿಂಚು ಮೇಲಿದ್ದರೆ ಬೆನ್ನಿಗೆ ಆರಾಮ. ಆದರೆ ರಾಡ್ ಬ್ರೇಕಿನಲ್ಲಿ ಹ್ಯಾಂಡಲ್ ಎತ್ತಿದರೆ ಸರಳುಗಳೂ ಮೇಲೇಳುತ್ತವೆ, ಬ್ರೇಕ್ ರಬ್ಬರು ರಿಮ್ಮಿಗೆ ಕಚ್ಚಿಕೊಳ್ಳುತ್ತದೆ. ಅದಕ್ಕೇ ಮೊದಲು ಸರಳುಗಳ ಹೊಂದಾಣಿಕೆ ನಟ್ಟು ಸಡಿಲಿಸಿ. ಆಮೇಲೆ ಹ್ಯಾಂಡಲ್ ನಡುವಿನ ಬೋಲ್ಟನ್ನು ಮೂರು ಸುತ್ತು ಬಿಚ್ಚಿ, ಮೇಲೊಂದು ಮರದ ತುಂಡಿಟ್ಟು ಸುತ್ತಿಗೆಯಿಂದ ತಟ್ಟಿ. ಒಳಗಿನ ಬೆಣೆ ಸಡಿಲಾಗುತ್ತದೆ. ಫ್ರೇಮಿನೊಳಗೆ ಇಳಿಯುವ ಹ್ಯಾಂಡಲಿನ ಕಾಂಡ ಕನಿಷ್ಠ ಎರಡೂವರೆ ಇಂಚು ಒಳಗೇ ಉಳಿಯಬೇಕು.

ದುಡ್ಡು ಹಾಕುವುದಾದರೆ ಮೊದಲು ಟೈರಿಗೆ. 28 x 1½ ಟೈರಿನ ಪಕ್ಕದಲ್ಲಿ 40-635 ಎಂದಿರುತ್ತದೆ; 40 ಟೈರಿನ ಅಗಲ, 635 ಟೈರು ರಿಮ್ಮಿನಲ್ಲಿ ಕೂರುವ ಕಡೆಯ ವ್ಯಾಸ, ಎರಡೂ ಮಿ.ಮೀ.ನಲ್ಲಿ. 622 ಎಂದಿದ್ದರೆ, '28' ಎಂದು ಅಂಗಡಿಯವರು ಎಷ್ಟೇ ಹೇಳಿದರೂ ಬೇಡ: ಸುತ್ತಳತೆಯಲ್ಲ, ವ್ಯಾಸವೇ 13 ಮಿ.ಮೀ. ಕಡಿಮೆ, ರಿಮ್ಮಿಗೆ ಏರುವುದೇ ಇಲ್ಲ. ಗಾಳಿ ಕಲ್ಲಿನಂತೆ ತುಂಬಬೇಡಿ. ಟೈರಿನ ಮೇಲೆ ಬರೆದ ಮಿತಿಯೊಳಗೆ, ಹಿಂದೆ 45, ಮುಂದೆ 38 ಪಿಎಸ್‌ಐ ಇಟ್ಟು ನೋಡಿ. ತೀರಾ ಕಡಿಮೆಯಾದರೆ ಗುಂಡಿಯಲ್ಲಿ ಟ್ಯೂಬು ರಿಮ್ಮಿಗೆ ಸಿಕ್ಕಿ ಜೋಡಿ ತೂತು ಬೀಳುತ್ತದೆ.

ಏರಿಗೆ ಮದ್ದು ಹಿಂದಿನ ಫ್ರೀವೀಲ್, ಅಂದರೆ ಹಿಂದಿನ ಗಾಲಿಯಲ್ಲಿ ಚೈನು ಕೂರುವ ಹಲ್ಲುಚಕ್ರ. ಈಗ 18 ಹಲ್ಲಿನದಿದ್ದರೆ 22 ಹಾಕಿಸಿ; ತುಳಿಯುವ ಬಲ ಶೇ. 18ರಷ್ಟು ತಗ್ಗುತ್ತದೆ, ಸಮತಟ್ಟಿನಲ್ಲಿ ಕಾಲು ಸ್ವಲ್ಪ ಬೇಗ ತಿರುಗಿಸಬೇಕಾಗುತ್ತದೆ. ಹಳೇ ಚೈನೇ ಇರಲಿ ಎಂದರೆ ಗಾಲಿ ಅರ್ಧ ಇಂಚು ಮುಂದಕ್ಕೆ ಬರಬೇಕು. ಜಾಗವಿಲ್ಲದಿದ್ದರೆ ಒಂದಿಂಚು ಚೈನು ಸೇರಿಸಬೇಕು. ಅಳೆದು ನೋಡಿ: 24 ಕೊಂಡಿ 12 ಇಂಚಿನ ಬದಲು 12⅛ ಬಂದರೆ ಚೈನು ಸವೆದಿದೆ, ಹೊಸ ಹಲ್ಲಿನ ಮೇಲೆ ಜಿಗಿಯುತ್ತದೆ. ಗಾಲಿ ಸರಿಸಿದ ಮೇಲೆ ಹಿಂದಿನ ಬ್ರೇಕ್ ರಬ್ಬರನ್ನೂ ರಿಮ್ಮಿಗೆ ಕೂಡಿಸಲು ಮರೆಯಬೇಡಿ. ಮಳೆಯಲ್ಲಿ ಆ ಕ್ರೋಮ್ ರಿಮ್ ಮೊದಲೇ ಜಾರು.