ಮಗನ ತಂಡ ಸೋತಿದ್ದನ್ನು ಮುಚ್ಚಿಟ್ಟೆ, ಈಗ ಅವನು ಫೋನ್ ಎತ್ತುತ್ತಿಲ್ಲ

ಪ್ರಶ್ನೆ: ನಾವು ಹಾಸನದವರು, ಅಮೆರಿಕದ ಒಹಾಯೊದಲ್ಲಿದ್ದೇವೆ. ಮಗ ಇಲ್ಲಿನ ಒಂದು ಸಣ್ಣ ಕಾಲೇಜಿನಲ್ಲಿ ಎರಡನೇ ವರ್ಷದಲ್ಲಿದ್ದಾನೆ. ಅಲ್ಲಿನ ಡಿವಿಷನ್ 3 (ಕಾಲೇಜು ಆಟಗಳ ಮೂರನೇ ಹಂತ) ಅಮೆರಿಕನ್ ಫುಟ್‌ಬಾಲ್ ತಂಡದ ಕಿಕ್ಕರ್, ಅಂದರೆ ಚೆಂಡನ್ನು ಗೋಲ್ ಕಂಬಗಳ ನಡುವೆ ಒದ್ದು ಅಂಕ ತರುವವನು. ಈ ಸೀಸನ್‌ನಲ್ಲಿ ಒಂಬತ್ತು ಪಂದ್ಯ ಆಡಿ ಒಂಬತ್ತನ್ನೂ ಸೋತಿದ್ದಾರೆ. ಒಂದು ಪಂದ್ಯ ಎರಡೇ ಅಂಕದಿಂದ ಹೋಯಿತು. ಅವತ್ತು ಕೊನೆಯಲ್ಲಿ ಇವನ ಕಿಕ್ ತಪ್ಪಿತ್ತು. ಊರಲ್ಲಿರುವ ನಮ್ಮ ಮಾವ ನಿವೃತ್ತ ಪಿ.ಟಿ. ಮೇಷ್ಟ್ರು. ಪ್ರತಿ ಭಾನುವಾರ ಫೋನಿನಲ್ಲಿ "ಏನಾಯ್ತಮ್ಮ ಮ್ಯಾಚು?" ಅಂತ ಕೇಳುತ್ತಾರೆ. "ಗೆದ್ರು ಮಾವ" ಅಂದುಬಿಡುತ್ತಿದ್ದೆ. ಮೊನ್ನೆ ಮನೆಗೆ ಬಂದಿದ್ದ ಮಗ ಅದನ್ನು ಕೇಳಿಸಿಕೊಂಡ. ಆಮೇಲಿಂದ ನನ್ನ ಫೋನ್ ಎತ್ತುತ್ತಿಲ್ಲ. ನಮ್ಮವರು ಆಟ ಬಿಡಿಸೋಣ ಅನ್ನುತ್ತಾರೆ. ಕೊನೆಯ ಪಂದ್ಯ ಬರುವ ಶನಿವಾರ. ನಾನೇನು ಮಾಡಲಿ? (ಹೆಸರು ಬೇಡ)

ಉತ್ತರ: ಮಗನ ಮಾನ ಉಳಿಸೋಕೆ ಸುಳ್ಳು ಹೇಳಿದಿರಿ, ಅರ್ಥವಾಗುತ್ತದೆ. ಅವನ ಕಿವಿಗೆ ಬಿದ್ದದ್ದು ಮಾತ್ರ ಬೇರೆ. ತಾನು ಸೋತದ್ದು ಅಮ್ಮನಿಗೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಲಾಗದಷ್ಟು ನಾಚಿಕೆ ಅಂತ ಅವನು ತಿಳಿದಿರಬೇಕು. ಒಂಬತ್ತು ಪಂದ್ಯ ಸೋತದ್ದಕ್ಕಿಂತ ಇದೇ ಅವನಿಗೆ ಜಾಸ್ತಿ ನೋವಾಗಿರುತ್ತದೆ ಅಂತ ನನಗನ್ನಿಸುತ್ತದೆ.

ಹಾಗಾಗಿ ಮೊದಲು ನಿಮ್ಮ ಮಾವನಿಗೆ ಫೋನ್ ಮಾಡಿ. ಭಾನುವಾರದವರೆಗೆ ಕಾಯಬೇಡಿ. ಒಂಬತ್ತೂ ಸೋತಿದ್ದಾರೆ, ನಾನು ಸುಳ್ಳು ಹೇಳಿದ್ದೆ ಅಂತ ನೇರವಾಗಿ ಹೇಳಿ. ಅವರು ಬೇಜಾರು ಮಾಡಿಕೊಳ್ಳಬಹುದು, ಮಾಡಿಕೊಳ್ಳಲಿ. ಆದರೆ ಪಿ.ಟಿ. ಮೇಷ್ಟ್ರಾಗಿದ್ದವರು ತಾಲ್ಲೂಕು ಮಟ್ಟಕ್ಕೆ ತಂಡ ಕಟ್ಟಿಕೊಂಡು ಹೋಗಿ ಮೊದಲ ಸುತ್ತಿಗೇ ವಾಪಸ್ ಬಂದ ಮಕ್ಕಳನ್ನು ನೋಡದೇ ಇರುತ್ತಾರಾ? ಸೋತ ಹುಡುಗನ ಹತ್ತಿರ ಹೇಗೆ ಮಾತಾಡಬೇಕು ಅನ್ನುವುದು ನಿಮ್ಮ ಮನೆಯಲ್ಲಿ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಸುಮ್ನೆ ಅವರನ್ನು ದೂರ ಇಟ್ಟಿದ್ದೀರಿ.

ಆಮೇಲೆ ಮಗನಿಗೆ ಒಂದು ಮೆಸೇಜ್. "ತಾತನಿಗೆ ನಿಜ ಹೇಳಿದೆ. ಸುಳ್ಳು ಹೇಳಿದ್ದು ನನ್ನ ತಪ್ಪು. ಶನಿವಾರ ಬರ್ತೀವಿ." ಅಷ್ಟೇ ಸಾಕು. "ಆದ್ರೆ" ಅಂತ ಶುರುವಾಗುವ ಸಾಲು ಒಂದೂ ಬೇಡ.

ಇನ್ನು ಆ ತಪ್ಪಿದ ಕಿಕ್. ಕಿಕ್ಕರ್ ಪಾಡು ನಿಮಗೂ ನಿಮ್ಮವರಿಗೂ ಸ್ವಲ್ಪ ತಿಳಿದಿರಲಿ. ಉಳಿದವರೆಲ್ಲ ಆಡುತ್ತಿರುವಾಗ ಅವನು ಮೈದಾನದ ಅಂಚಿನಲ್ಲಿ ಕಟ್ಟಿದ ಬಲೆಗೆ ಒಬ್ಬನೇ ಚೆಂಡು ಒದೆಯುತ್ತಾ ಕಾಲು ಬಿಸಿ ಇಟ್ಟುಕೊಂಡಿರಬೇಕು. ಕರೆದಾಗ ಓಡಿಹೋಗಿ ಒಂದು ಸಲ ಒದ್ದು ಬರಬೇಕು. ಮುಂದೆ ಬಗ್ಗಿದವನು ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಎಸೆಯುತ್ತಾನೆ. ಮೊಣಕಾಲೂರಿ ಕೂತವನು ಹಿಡಿದು ನೆಲದ ಮೇಲೆ ನಿಲ್ಲಿಸುತ್ತಾನೆ. ಇವನು ಒದೆಯುತ್ತಾನೆ. ಇಷ್ಟೂ ಒಂದೂವರೆ ಸೆಕೆಂಡಿನೊಳಗೆ ಮುಗಿಯಬೇಕು. ಆ ಇಬ್ಬರಲ್ಲಿ ಯಾರದೇ ಕೈ ತುಸು ಎಡವಿದರೂ ಚೆಂಡು ಕಂಬದ ಆಚೆ ಹೋಗುತ್ತದೆ. ಸ್ಟ್ಯಾಂಡಿನಲ್ಲಿ ಕೂತವರಿಗೆ ಕಾಣುವುದು ಒದ್ದವನೊಬ್ಬನೇ. ಸೋಲುವ ತಂಡದಲ್ಲಂತೂ ಇನ್ನೂ ಕಷ್ಟ. ತಂಡ ಗೋಲ್ ಕಂಬದ ಹತ್ತಿರಕ್ಕೆ ಬರುವುದೇ ಅಪರೂಪ, ಅವನಿಗೆ ಅವಕಾಶ ಸಿಗುವುದೂ ಕಡಿಮೆ. ಒಂದು ತಪ್ಪಿದರೆ ಮುಂದಿನದು ಯಾವಾಗಲೋ. ಅಲ್ಲಿಯವರೆಗೂ ತಪ್ಪಿದ್ದೇ ತಲೆಯಲ್ಲಿ ಕೂತಿರುತ್ತದೆ.

ಮಿನ್ನೆಸೋಟಾದ ಮಕಾಲೆಸ್ಟರ್ ಕಾಲೇಜಿನ ತಂಡ 1974ರಿಂದ 1980ರವರೆಗೆ ಸತತ 50 ಪಂದ್ಯ ಸೋತಿತ್ತು. 1980ರ ಸೆಪ್ಟೆಂಬರ್‌ನಲ್ಲಿ ಆ ಸರಣಿ ಮುರಿದದ್ದು ಕೊನೆಯ ಸೆಕೆಂಡುಗಳಲ್ಲಿ ಬಿದ್ದ ಒಂದು ಫೀಲ್ಡ್ ಗೋಲಿನಿಂದ, ಅಂದರೆ ಇಂಥದ್ದೇ ಒಂದು ಕಿಕ್‌ನಿಂದ, 17-14ರಲ್ಲಿ. ಟೆಕ್ಸಸ್‌ನ ಪ್ರೇರಿ ವ್ಯೂ ವಿಶ್ವವಿದ್ಯಾಲಯದ ತಂಡ 1989ರಿಂದ 1998ರವರೆಗೆ ಸತತ 80 ಪಂದ್ಯ ಸೋತಿತು. ನಡುವಿನ ವರ್ಷಗಳಲ್ಲಿ ಸೇರಿ, ಒಂದೂ ಗೆಲುವು ಕಾಣದೆ ಡಿಗ್ರಿ ಮುಗಿಸಿದ ಹುಡುಗರನ್ನು ನೆನೆದರೆ ನನಗೆ ನಿಜಕ್ಕೂ ಗೌರವ ಮೂಡುತ್ತದೆ. ಗೆಲ್ಲುವ ಭರವಸೆ ಇಲ್ಲದೆಯೂ ಪ್ರಾಕ್ಟೀಸ್‌ಗೆ ಬರುತ್ತಿದ್ದರಲ್ಲ! ಇದನ್ನೆಲ್ಲ ಹೇಳುತ್ತಿರುವುದು ನಿಮ್ಮಿಬ್ಬರಿಗೆ. ಮಗನ ಮುಂದೆ ಈ ಕತೆ ತೆಗೆಯಬೇಡಿ, "ಮುಂದಿನ ವರ್ಷ ಗೆಲ್ತೀರಿ ಬಿಡು" ಅಂತಲೂ ಅನ್ನಬೇಡಿ. ಅದು ನಿಮ್ಮ ಕೈಲೂ ಇಲ್ಲ, ಅವನ ಕೈಲೂ ಇಲ್ಲ.

ಶನಿವಾರ ಇಬ್ಬರೂ ಹೋಗಿ. ಮೊದಲೇ ಹೋಗಿ, ಅವನು ಕಿಕ್ ಅಭ್ಯಾಸ ಮಾಡುವುದನ್ನು ನೋಡಿ. ಪಂದ್ಯ ಮುಗಿದ ಮೇಲೆ ಸ್ಕೋರಿನ ಮಾತು ಅವನಾಗಿ ಎತ್ತಿದರೆ ಎತ್ತಲಿ. ನೀವು ಊಟಕ್ಕೆ ಕರೆದುಕೊಂಡು ಹೋಗಿ. ಅವನ ಜೊತೆ ಆಡುವ ಒಬ್ಬಿಬ್ಬರು ಹುಡುಗರನ್ನೂ ಕರೆಯಿರಿ. ಅವರಿದ್ದರೆ ಅವನೂ ಮಾತಾಡುತ್ತಾನೆ.

ಆಟ ಬಿಡಿಸುವ ವಿಷಯದಲ್ಲಿ ನಿಮ್ಮ ಯಜಮಾನರ ಆತಂಕ ಓದಿನದ್ದಾದರೆ, ಅಂಕಪಟ್ಟಿ ನೋಡಿ ಮಾತಾಡಲಿ, ಸ್ಕೋರ್‌ಬೋರ್ಡ್ ನೋಡಿ ಬೇಡ. ಡಿವಿಷನ್ 3ರಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ. ಅಂದರೆ ಅವನು ಬೆಳಗ್ಗೆ ಎದ್ದು ಜಿಮ್‌ಗೆ ಹೋಗುತ್ತಿರುವುದು ಆಟದ ಮೇಲಿನ ಆಸೆಗೇ. ಆಟ ಬಿಟ್ಟರೆ ನೀವು ಕಟ್ಟುವ ಫೀಸಿನಲ್ಲೂ ವ್ಯತ್ಯಾಸ ಆಗುವುದಿಲ್ಲ. ಹಾಗಿದ್ದ ಮೇಲೆ ಈ ವಾರವೇ ತೀರ್ಮಾನ ಮಾಡುವ ಅವಸರ ಯಾಕೆ?

ಒಂದು ಮಾತ್ರ ಗಮನಿಸಿ. ನಿದ್ದೆ, ಊಟ ಬಿಟ್ಟಿದ್ದರೆ, ಕ್ಲಾಸಿಗೇ ಹೋಗುತ್ತಿಲ್ಲದಿದ್ದರೆ, ವಿಷಯ ಆಟದ ಆಚೆಗೆ ಹೋಗಿದೆ ಅಂತ ತಿಳಿಯಿರಿ. ಕಾಲೇಜಿನ ಕೌನ್ಸೆಲಿಂಗ್ ಸೆಂಟರ್‌ಗೆ ಹೋಗುವಂತೆ ಹೇಳಿ, ಬೇಕಾದರೆ ಬಾಗಿಲವರೆಗೆ ಜೊತೆಗೆ ಹೋಗಿ.

ಅಂಥದ್ದೇನೂ ಇಲ್ಲದಿದ್ದರೆ ಡಿಸೆಂಬರ್ ರಜೆಗೆ ಮನೆಗೆ ಬಂದಾಗ ಕೇಳಿ. ಪರೀಕ್ಷೆ ಮುಗಿದಿರುತ್ತದೆ, ಸೋಲಿನ ಬಿಸಿಯೂ ಇಳಿದಿರುತ್ತದೆ. ಆಡ್ತೀನಿ ಅಂದರೆ ಆಡಲಿ. ಸಾಕು ಅಂದರೆ ಒಪ್ಪಿಕೊಳ್ಳಿ, ಯಾಕೆ ಅಂತ ಕೆದಕಬೇಡಿ. ಕೋಚ್‌ಗೆ ಮಾತ್ರ ಅವನೇ ಎದುರಿಗೆ ಹೋಗಿ ಹೇಳಿ ಬರಲಿ. ಅವನ ಪರವಾಗಿ ನೀವು ಇಮೇಲ್ ಬರೆಯುವುದು ಬೇಡ.