ಕಣ್ಣೀರು ಬಾರದ ಪ್ರಾರ್ಥನೆ: ಸಂಪಾದಕರ ಉತ್ತರ

ಮಂಡ್ಯ ಜಿಲ್ಲೆಯ ಓದುಗರೊಬ್ಬರು, ತಮ್ಮ ಹೆಸರು ಪ್ರಕಟಿಸಬಾರದೆಂದು ಕೋರಿ, ಬರೆದ ಪತ್ರದ ಸಾರ ಹೀಗಿದೆ. ಮೂರು ವರ್ಷಗಳ ಹಿಂದೆ ಒಂದು ರಾತ್ರಿಯ ಪ್ರಾರ್ಥನಾ ಕೂಟದಲ್ಲಿ ಅವರು ಬಿಕ್ಕಿಬಿಕ್ಕಿ ಅತ್ತರು. ಪಾಪದ ಭಾರ ಇಳಿದಂತಾಗಿ, ಹಲವು ತಿಂಗಳು ದೇವರು ಪಕ್ಕದಲ್ಲೇ ಇದ್ದಾನೆಂಬ ಹರ್ಷದಲ್ಲಿದ್ದರು. ಈಗ ಒಂದೂವರೆ ವರ್ಷದಿಂದ ಅದೇನೂ ಇಲ್ಲ. ಸತ್ಯವೇದ (ಬೈಬಲ್) ಓದುತ್ತಾರೆ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುತ್ತಾರೆ, ಭಾನುವಾರದ ಆರಾಧನೆ ತಪ್ಪಿಸುವುದಿಲ್ಲ. ಆದರೆ ಒಳಗೆಲ್ಲ ಬರಿದು. ಬಚ್ಚಿಟ್ಟ ಪಾಪವೇನೋ ಇರಬೇಕು, ಪವಿತ್ರಾತ್ಮನು ನಿಮ್ಮನ್ನು ಬಿಟ್ಟಿದ್ದಾನೆ ಎಂದು ಕೂಟದವರೊಬ್ಬರು ಹೇಳಿದ ಮೇಲೆ, ಯೇಸುವಿನ ನೆನಪಿನಲ್ಲಿ ಸಭೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನಕ್ಕೆ ಕೈಯೊಡ್ಡಲು ಅವರಿಗೆ ಭಯವಾಗಿದೆ. ಹೋಗಬೇಕೋ ಬೇಡವೋ ಎಂಬುದೇ ಅವರ ಪ್ರಶ್ನೆ.

ಪ್ರಿಯ ಸಹೋದರಿ, ನಿಮಗೆ ಆ ಮಾತು ಹೇಳಿದವರು ತಿಳಿಯದೆ ಹೇಳಿದ್ದಾರೆ. ಹಾಗೆಂದು ಆ ರಾತ್ರಿಯ ನಿಮ್ಮ ಕಣ್ಣೀರು ಸುಳ್ಳೆಂದು ನಾನು ಹೇಳಲಾರೆ. ಸ್ನೇಹಿತನಾದ ಲಾಜರನ ಸಮಾಧಿಯ ಬಳಿ ಸ್ವತಃ ಯೇಸುವೇ ಅತ್ತನು, ಮತ್ತು ಆನಂದವನ್ನು ಆತ್ಮನ ಫಲಗಳಲ್ಲಿ ಒಂದೆಂದು ಪೌಲನು ಎಣಿಸಿದ್ದಾನೆ. ಆದರೆ ಆ ಆನಂದ ನಿಮಗೆ ಸಿಕ್ಕ ಕೊಡುಗೆಯೇ ಹೊರತು ನಿಮ್ಮ ನಂಬಿಕೆಯ ಅಡಿಪಾಯವಲ್ಲ.

ನಮ್ಮ ಮೈಸೂರಿನ ಕ್ರೈಸ್ತ ದೇವಾಲಯವೊಂದಕ್ಕೆ, ಮೆಥಡಿಸ್ಟ್ ಸಭೆಗಳಿಗೆ ಮೂಲಪುರುಷನಾದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿಯ ಹೆಸರಿದೆ. ಗುರುದೀಕ್ಷೆ ಪಡೆದು ಸುಮಾರು ಹತ್ತು ವರ್ಷವಾಗಿದ್ದರೂ ನೆಮ್ಮದಿಯಿಲ್ಲದೆ ತೊಳಲುತ್ತಿದ್ದ ಆತ, 1738ರ ಮೇ 24ರ ರಾತ್ರಿ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟವೊಂದಕ್ಕೆ ಮನಸ್ಸಿಲ್ಲದೆ ಹೋದನು. ಸತ್ಯವೇದದಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಗೆ ಜರ್ಮನಿಯ ಸಭಾಸುಧಾರಕ ಲೂಥರನು ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದಾಗ, ಸುಮಾರು ಒಂಬತ್ತಕ್ಕೆ ಕಾಲು ಗಂಟೆ ಇರುವಾಗ, ತನ್ನ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತೆಂದು ದಿನಚರಿಯಲ್ಲಿ ಬರೆದುಕೊಂಡನು. ಈ ಸಾಕ್ಷಿಯನ್ನು ನಮ್ಮ ಸಭೆಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಅದೇ ದಿನಚರಿಯಲ್ಲಿ, ಎಂಟು ತಿಂಗಳೂ ತುಂಬುವ ಮೊದಲೇ, 1739ರ ಜನವರಿಯಲ್ಲಿ, ತಾನು ಈಗಲೂ ಕ್ರೈಸ್ತನಲ್ಲವೆಂದು ಆತ ಬರೆದದ್ದನ್ನು ಮಾತ್ರ ಯಾರೂ ಓದಿ ಹೇಳುವುದಿಲ್ಲ. ಹೇಳಿದ್ದರೆ ನಿಮ್ಮಂಥವರಿಗೆ ಎಷ್ಟು ಧೈರ್ಯ ಬರುತ್ತಿತ್ತು! ದೇವರಲ್ಲಿ ಪ್ರೀತಿಯಾಗಲಿ ಆನಂದವಾಗಲಿ ತನ್ನಲ್ಲಿ ಕಾಣುತ್ತಿಲ್ಲವೆಂಬುದೇ ಅವನ ಅಳಲಾಗಿತ್ತು. ಆ ಏಪ್ರಿಲ್‌ನಲ್ಲಿ ಬ್ರಿಸ್ಟಲ್ ನಗರದ ಬಯಲಿನಲ್ಲಿ ನಿಂತು ಬೋಧಿಸಲಾರಂಭಿಸಿದವನು 1791ರಲ್ಲಿ ಸಾಯುವ ವರ್ಷದವರೆಗೂ ಬೋಧಿಸಿದನು. ಹೃದಯ ಮತ್ತೆ ಬೆಚ್ಚಗಾಗಲೆಂದು ಆತ ಕಾದು ಕೂರಲಿಲ್ಲ.

ರಾತ್ರಿಯ ಜಾಗರಣೆ, ಉಪವಾಸ, ನೂರಾರು ಕಂಠಗಳು ಕೂಡಿದ ಹಾಡು ಯಾರ ಮನಸ್ಸನ್ನಾದರೂ ಕರಗಿಸುತ್ತವೆ. ಆ ಕರಗುವಿಕೆ ದೇವರಿಂದಲೇ ಬಂದಿತೋ ಇಲ್ಲವೋ ಎಂಬುದು ಅದರ ತೀವ್ರತೆಯಿಂದ ತಿಳಿಯುವುದಿಲ್ಲ. ಯೇಸು ಹೇಳಿದ ಬಿತ್ತುವವನ ಸಾಮ್ಯದಲ್ಲಿ ವಾಕ್ಯವನ್ನು ಸಂತೋಷದಿಂದ ಕೂಡಲೇ ಸ್ವೀಕರಿಸಿದ್ದು ಬಂಡೆಯ ನೆಲ; ಬೇರಿಲ್ಲದ ಕಾರಣ ಅದು ನಿಲ್ಲಲಿಲ್ಲ. ಸರದಿಯಂತೆ ನೀರು ಬಿಟ್ಟು ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ, ನಾಲೆಗೆ ನೀರು ನಿಲ್ಲಿಸಿದ ದಿನಗಳಲ್ಲಿ ಕಬ್ಬಿನ ಬೇರು ನೀರು ಹುಡುಕಿ ಆಳಕ್ಕಿಳಿಯುತ್ತದೆಂಬುದು, ಒಕ್ಕಲುತನದ ಮನೆಯವರಾದ ನಿಮಗೆ ಈ ಊರಿನಲ್ಲಿ ಕುಳಿತ ನನಗಿಂತ ಚೆನ್ನಾಗಿ ಗೊತ್ತು.

ಸತ್ಯವೇದದ ಕೀರ್ತನೆಗಳಲ್ಲಿ 88ನೆಯದನ್ನು ದಯವಿಟ್ಟು ಓದಿ. ಮೊರೆಯಿಡುವ ಬೇರೆ ಕೀರ್ತನೆಗಳು ಹೆಚ್ಚಾಗಿ ಸ್ತೋತ್ರಕ್ಕೆ ತಿರುಗುತ್ತವೆ; ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ನಿಲ್ಲುತ್ತದೆ. ಆದರೂ ಅದು ಪ್ರಾರ್ಥನೆಯೇ, ದೇವರನ್ನು ಕುರಿತೇ ಆಡಿದ ಮಾತು, ಮತ್ತು ಅದನ್ನು ಯಾರೂ ಸತ್ಯವೇದದಿಂದ ತೆಗೆದುಹಾಕಲಿಲ್ಲ.

ಇನ್ನು ನಿಮ್ಮ ಪ್ರಶ್ನೆ. 16ನೇ ಶತಮಾನದ ಇಗ್ನೇಷಿಯಸ್ ಲೊಯೊಲಾ ಕಥೋಲಿಕರ ಸಂತರಾದರೂ ಅವರ ಒಂದು ಸಲಹೆಯನ್ನು ನಮ್ಮ ಸಭೆಗಳವರೂ ಅನುಸರಿಸಬಹುದೆಂದು ನನಗನ್ನಿಸುತ್ತದೆ: ಮನಸ್ಸು ಬರಿದಾಗಿರುವ ಕಾಲದಲ್ಲಿ, ಹಿಂದೆ ನೆಮ್ಮದಿಯಲ್ಲಿದ್ದಾಗ ಮಾಡಿಕೊಂಡ ತೀರ್ಮಾನವನ್ನು ಬದಲಿಸಬಾರದು. ನಮ್ಮ ಹೃದಯ ನಮ್ಮನ್ನು ದೋಷಿಯೆಂದು ನಿರ್ಣಯಿಸಿದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನೆಂದು ಯೋಹಾನನ ಮೊದಲನೆಯ ಪತ್ರಿಕೆಯೂ ಹೇಳುತ್ತದೆ. ಆದ್ದರಿಂದ ಪ್ರಭುಭೋಜನಕ್ಕೆ ಹೋಗಿ. ಏನೂ ಅನ್ನಿಸದಿದ್ದರೂ ಕೈಯೊಡ್ಡಿ.

ಒಂದು ವಿಷಯ ಕೇಳಲೇಬೇಕು. ನಿದ್ದೆಯೂ ಹಸಿವೂ ಕೆಟ್ಟಿವೆಯೇ? ಹಾಗಿದ್ದರೆ ವೈದ್ಯರನ್ನು ಕಾಣಿರಿ. ಅದು ನಂಬಿಕೆಯ ಕೊರತೆಯಲ್ಲ. ಸಾಯಬೇಕೆಂದು ಬೇಡಿಕೊಂಡು ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನನ್ನು ದೇವದೂತನು ಗದರಿಸಲಿಲ್ಲ, ಅವನ ಪಾಪವನ್ನು ಹುಡುಕಲಿಲ್ಲ. ರೊಟ್ಟಿ, ನೀರು ಕೊಟ್ಟು, ಮತ್ತೆ ಮಲಗಲು ಬಿಟ್ಟನು. ಅತ್ತೆಯವರನ್ನು ವಾರಕ್ಕೊಂದು ಮಧ್ಯಾಹ್ನವಾದರೂ ಬೇರೆ ಯಾರಾದರೂ ನೋಡಿಕೊಳ್ಳುವಂತೆ ನಿಮ್ಮ ಸಭಾಪಾಲಕರನ್ನು ಕೇಳಿರಿ. ಕೇಳಲು ಸಂಕೋಚವಾದರೆ ಈ ಪುಟವನ್ನೇ ಅವರಿಗೆ ತೋರಿಸಿ.