ಅಟ್ಯಾಕ್ ಆನ್ ಟೈಟನ್: 75ಕ್ಕೆ ನಿಲ್ಲಿಸಿದವರಿಗೆ ನನ್ನ ಉತ್ತರ

ಜಪಾನಿನ ಈ ಅನಿಮೆಯನ್ನ (ಆನಿಮೇಷನ್ ಸರಣಿ) ಮೂರು ಸೀಸನ್ ನಿದ್ದೆ ಬಿಟ್ಟು ನೋಡಿದೆ, ಫೈನಲ್ ಸೀಸನ್ನಿನ 16 ಎಪಿಸೋಡ್ ಆದ್ಮೇಲೆ ಒಟ್ಟು 75ಕ್ಕೆ ಕೈಬಿಟ್ಟೆ, ಚಿತ್ರ ಬಿಡಿಸಿದ ರೀತಿ ಬೇರೆ, ನಾಯಕ ಎರೆನ್ ಬೇರೆ, ‘ಫೈನಲ್’ ಅನ್ನೋದೇ ಮುಗೀತಿಲ್ಲ, ಮುಗಿಸ್ಲಾ ಬಿಡ್ಲಾ, ಇಲ್ಲಾ ಮೂಲ ಮಾಂಗಾ (ಜಪಾನಿ ಕಾಮಿಕ್ಸ್) ಓದಿ ಮುಗಿಸ್ಲಾ ಅಂತ ಕೇಳಿದೀರಿ. ಮುಗಿಸಿ. ಆದ್ರೆ ಬಿಟ್ಟ ಜಾಗದಿಂದ ನೇರ ಶುರು ಮಾಡ್ಬೇಡಿ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

2021ರ ಮಾರ್ಚಲ್ಲಿ ನಾನೂ ನೀವು ನಿಂತ ಕಡೆಯೇ ನಿಂತಿದ್ದೆ. 75ನೇ ಎಪಿಸೋಡ್ ಎರೆನ್ ಊರು ಶಿಗಾನ್‌ಶಿನಾದಲ್ಲಿ ಇನ್ನೇನು ಯುದ್ಧ ಶುರು ಅನ್ನುವಾಗ ನಿಂತುಬಿಡ್ತು. ಮುಂದಿನದು ಬಂದಿದ್ದು 2022ರ ಜನವರಿಗೆ. ಎಲೆ ಹಾಕಿ ಕೂರಿಸಿ, ಉಪ್ಪು ಉಪ್ಪಿನಕಾಯಿ ಬಡಿಸಿ, ಅನ್ನಕ್ಕೆ ಹತ್ತು ತಿಂಗಳು ಕಾಯಿಸಿದ ಹಾಗೆ. ಅದಾದ ಮೇಲೆ 2023ರ ಮಾರ್ಚಲ್ಲಿ ಒಂದು ಗಂಟೆಯ ಸ್ಪೆಷಲ್, ನವೆಂಬರಲ್ಲಿ ಸುಮಾರು 85 ನಿಮಿಷದ ಇನ್ನೊಂದು. ಒಂದೇ ‘ಕೊನೇ ಸೀಸನ್’ 2020ರ ಡಿಸೆಂಬರಿಂದ ಹತ್ತಿರ ಹತ್ತಿರ ಮೂರು ವರ್ಷ ಎಳೀತು. ನಮ್ಮ ಬೇಜಾರಲ್ಲಿ ಅರ್ಧಕ್ಕರ್ಧ ಈ ಕಾಯೋದರಿಂದಾನೇ ಹುಟ್ಟಿದ್ದು ಅನ್ನೋದು ನನಗೆ ಗೊತ್ತಾಗಿದ್ದು ತಂಗಿಯಿಂದ. ಅವಳು ಎಲ್ಲಾ ಮುಗಿದ ಮೇಲೆ ಎರಡು ವಾರದಲ್ಲಿ ಪೂರ್ತಿ ನೋಡಿದ್ಲು. ನಾನು ಎಲ್ಲೆಲ್ಲಿ ಗೊಣಗಿದ್ನೋ ಅಲ್ಲೆಲ್ಲ ಅವಳು ಸುಮ್ಮನೆ ಮುಂದಿನ ಎಪಿಸೋಡ್ ಒತ್ತಿದ್ಲು.

ಚಿತ್ರದ ವಿಷಯ. ನಿಮ್ಮ ಕಣ್ಣು ಸುಳ್ಳು ಹೇಳ್ತಿಲ್ಲ. ಮೊದಲ 59 ಎಪಿಸೋಡ್ ಮಾಡಿದ್ದು ವಿಟ್ ಸ್ಟುಡಿಯೋ, 60ರಿಂದ ಮಾಪ್ಪಾ. ಯಕ್ಷಗಾನದಲ್ಲಿ ಮಧ್ಯರಾತ್ರಿ ಭಾಗವತರು ಬದಲಾಗ್ತಾರಲ್ಲ, ಪ್ರಸಂಗ ಅದೇ, ಕಂಠ ಬೇರೆ, ಕಿವಿ ಹೊಂದ್ಕೊಳ್ಳೋಕೆ ಹೊತ್ತು ಬೇಕು. ವಿಟ್‌ನವರದ್ದು ದಪ್ಪ ಗೆರೆ. ಹಗ್ಗ ಹಾರಿಸಿ ಕಟ್ಟಡಗಳ ನಡುವೆ ತೇಲೋ ದೃಶ್ಯಗಳಲ್ಲಿ ಅರಿಫುಮಿ ಇಮಾಯ್ ಅನ್ನೋ ಆನಿಮೇಟರ್ ಕೈಚಳಕ ನೋಡಿದವರಿಗೆ ಆಮೇಲಿನದು ಸಪ್ಪೆ ಅನ್ಸೋದು ಸಹಜ. ಮಾಪ್ಪಾದ ಗೆರೆ ತೆಳು, ಬಣ್ಣ ಮಣ್ಣು-ಬೂದಿ, ಟೈಟನ್‌ಗಳು, ಅಂದ್ರೆ ಮನುಷ್ಯರನ್ನ ತಿನ್ನೋ ದೈತ್ಯರು, ಬಹಳಷ್ಟು ಕಡೆ ಕಂಪ್ಯೂಟರಿನವು. ಅದು ನನಗೆ ಇವತ್ತಿಗೂ ರುಚಿಸಲ್ಲ. ಮುಖಗಳು ಮಾತ್ರ ಮಾಪ್ಪಾದಲ್ಲೇ ಚೆನ್ನಾಗಿವೆ ಅಂತೀನಿ, ಮಾಂಗಾಗೂ ಹತ್ತಿರ.

ಎರೆನ್ ಯಾರೋ ಅನ್ಸೋದು ತಪ್ಪಲ್ಲ, ಹಾಗೇ ಅನ್ಸ್ಲಿ ಅಂತಾನೇ ಬರೆದಿರೋದು. ನಾಲ್ಕು ವರ್ಷ ಹಾರಿ, ಸಮುದ್ರದ ಆಚೆ ಮಾರ್ಲೆ ದೇಶದಲ್ಲಿ, ಅಲ್ಲಿನ ಗಾಬಿ, ಫಾಲ್ಕೋ, ರೈನರ್ ಕಣ್ಣಿಂದ ಕಥೆ ಶುರುವಾಗುತ್ತೆ. ಮೂರು ಸೀಸನ್ ನಾವು ಯಾರನ್ನ ಶತ್ರು ಅಂದ್ಕೊಂಡಿದ್ವೋ ಅವರ ಮನೆ ಜಗುಲಿ ಮೇಲೆ ನಮ್ಮನ್ನ ಕೂರಿಸಿ, ಅಲ್ಲಿಂದ ನಮ್ಮ ಹುಡುಗನ್ನ ತೋರಿಸ್ತಾರೆ. ವಾರಕ್ಕೊಂದು ನೋಡಿದಾಗ ‘ಇವರೆಲ್ಲ ಯಾರು, ನಮ್ಮವರೆಲ್ಲಿ’ ಅಂತ ರೇಗ್ತಿತ್ತು. ಗಾಬಿಯನ್ನ ಆಗ ಬೈದವರಲ್ಲಿ ನಾನೂ ಒಬ್ಬ. ಈಗ ನೋಡಿದ್ರೆ ಅವಳು ಮೊದಲ ಸೀಸನ್ನಿನ ಎರೆನ್ನೇ, ಬರೀ ಎರೆನ್ ನಾಡನ್ನ ಸುತ್ತಿದ ಗೋಡೆಯ ಆಚೆ ಹುಟ್ಟಿದ್ದಾಳೆ.

ಹಾಗಾಗಿ ಹೀಗೆ ಮಾಡಿ. ಮೊದಲು 1ನೇ ಎಪಿಸೋಡ್ ಮತ್ತೆ ನೋಡಿ. ಎರೆನ್ ಮರದ ಕೆಳಗೆ ಅಳ್ತಾ ಏಳ್ತಾನೆ, ಗೆಳತಿ ಮಿಕಾಸಾ ಕೂದಲು ಉದ್ದ ಆಗಿದ್ಯಾ ಅಂತ ಕೇಳ್ತಾನೆ. ಅದರ ಹೆಸರಲ್ಲಿ ‘2000 ವರ್ಷಗಳ ನಂತರದ ನಿನಗೆ’ ಅನ್ನೋ ಮಾತಿದೆ. 80ನೇ ಎಪಿಸೋಡಿನ ಹೆಸರು ‘2000 ವರ್ಷಗಳ ಹಿಂದಿನ ನಿನ್ನಿಂದ’. ಈ ಎರಡನ್ನ ಹತ್ತಿರ ಇಟ್ಟು ನೋಡಿದಾಗ ನನಗೆ ಮೈ ಜುಂ ಅಂತು. ಆಮೇಲೆ 31, ಅಂದ್ರೆ ಎರಡನೇ ಸೀಸನ್ನಲ್ಲಿ ರೈನರ್ ಗೋಡೆ ಮೇಲೆ ನಿಂತು ಸೊಪ್ಪಿನ ಸಾರಿನ ಬೆಲೆ ಹೇಳ್ದಂಗೆ ತಾನು ಯಾರು ಅನ್ನೋ ಸತ್ಯ ಹೇಳಿಬಿಡೋದು. ಎರೆನ್ ಮನೆಯ ನೆಲಮಾಳಿಗೆಯಿಂದ ಸಮುದ್ರದವರೆಗಿನ 56ರಿಂದ 59. ಕೊನೆಗೆ 62ರಿಂದ 64. ಒಟ್ಟು ಒಂಬತ್ತು ಎಪಿಸೋಡ್, ಒಂದು ಭಾನುವಾರದ ಕೆಲಸ. ಅದಾದ ಮೇಲೆ 76ಕ್ಕೆ ಬನ್ನಿ. ಮಧ್ಯದ ಓವಿಎಗಳನ್ನ (ಟೀವಿ ಸರಣಿಯ ಹೊರಗೆ ಬಂದ ಎಪಿಸೋಡ್‌ಗಳು) ಹುಡುಕ್ತಾ ಕೂರ್ಬೇಡಿ, ಕ್ಯಾಪ್ಟನ್ ಲೀವೈ ಅಭಿಮಾನಿ ಆಗಿದ್ರೆ ಆಮೇಲೆ ನೋಡಿದ್ರಾಯ್ತು.

(ಮಾಂಗಾ ಬರೆದ ಇಸಾಯಾಮಾ ಹುಟ್ಟೂರು ಜಪಾನಿನ ಓಯಿತಾ ಪ್ರಾಂತ್ಯದ ಓಯಾಮಾ, ಸುತ್ತ ಬೆಟ್ಟ. ಅಲ್ಲಿನ ಅಣೆಕಟ್ಟೆ ಎದುರು ಎರೆನ್, ಮಿಕಾಸಾ, ಅವರ ಗೆಳೆಯ ಆರ್ಮಿನ್ ಮಕ್ಕಳಾಗಿ ತಲೆ ಎತ್ತಿ ಗೋಡೆ ನೋಡ್ತಿರೋ ಪ್ರತಿಮೆ ಇಟ್ಟಿದ್ದಾರೆ. 1ನೇ ಎಪಿಸೋಡ್ ನೋಡಿದ ಮೇಲೆ ಆ ಫೋಟೋ ಹುಡುಕಿ ನೋಡಿ.)

ಉಳಿದಿರೋದು 76ರಿಂದ 87, ಆಮೇಲೆ ಆ ಎರಡು ಸ್ಪೆಷಲ್. ಕೆಲವು ಕಡೆ ಸ್ಪೆಷಲ್‌ಗಳನ್ನ ಏಳು ಎಪಿಸೋಡ್ ಮಾಡಿ 88ರಿಂದ 94 ಅಂತ ಹಾಕಿರ್ತಾರೆ, ಗಾಬರಿ ಬೇಡ, ಸರಕು ಅದೇ. 2024ರ ನವೆಂಬರಲ್ಲಿ ಜಪಾನಿನ ಥಿಯೇಟರಿಗೆ ಬಂದ ‘ದ ಲಾಸ್ಟ್ ಅಟ್ಯಾಕ್’ ಕೂಡ ಈ ಎರಡನ್ನೇ ಹೊಲಿದು ಮಾಡಿದ ಸಿನಿಮಾ, ಹೊಸ ಕಥೆ ಅಲ್ಲ. ಎಲ್ಲಾ ಸೇರಿ ಏಳು ಗಂಟೆ ಚಿಲ್ಲರೆ. 80 ಮುಗಿದ ಮೇಲೆ ವೇಗ ಬೀಳುತ್ತೆ. 84ರಲ್ಲಂತೂ ಕಾಡಲ್ಲಿ ಬೆಂಕಿ ಸುತ್ತ ಕೂತು ಒಬ್ಬರಿಗೊಬ್ಬರು ಪಾಪದ ಲೆಕ್ಕ ಒಪ್ಪಿಸ್ತಾರೆ, ಅಷ್ಟೇ. ಅಲ್ಲಿ ದಿನದ ಆಟ ನಿಲ್ಲಿಸ್ಬೇಡಿ, 86ರವರೆಗೆ ಒಂದೇ ಉಸಿರಲ್ಲಿ ಹೋಗಿ.

ಇನ್ನು ಕಾದಿದ್ದಕ್ಕೆ ಸಂಬಂಧವೇ ಇಲ್ಲದ, ನಿಜವಾದ ಕೊರತೆಗಳು. ಇಲ್ಲಿಂದ ಒಂದು ಪ್ಯಾರಾ ಸ್ಪಾಯ್ಲರ್, ಬೇಡ ಅಂದ್ರೆ ಹಾರಿ.

ಹಿಸ್ಟೋರಿಯಾಗೆ ಅನ್ಯಾಯ ಆಗಿದೆ. ಮೂರನೇ ಸೀಸನ್ನಲ್ಲಿ ಅಷ್ಟು ಬೆಳೆಸಿದ ರಾಣಿಯನ್ನ ಕೊನೇಲಿ ಕುರ್ಚಿ ಮೇಲೆ ಕೂರಿಸಿ ಮರೆತುಬಿಟ್ಟಿದ್ದಾರೆ. ಮೊದಲ ಟೈಟನ್ ಆದ ಯಿಮಿರ್‌ಳ ಎರಡು ಸಾವಿರ ವರ್ಷದ ಕಥೆಯ ಗಂಟು ನಾಲ್ಕು ಮಾತಲ್ಲಿ ಬಿಚ್ಚಿಬಿಡುತ್ತೆ, ಮನಸ್ಸಿಗೆ ಇಳಿಯೋಕೆ ಪುರುಸೊತ್ತೇ ಕೊಡಲ್ಲ. ಎರೆನ್-ಆರ್ಮಿನ್ ಕೊನೇ ಮಾತುಕತೆ ಮಾಂಗಾದಲ್ಲಿ, 2021ರ ಏಪ್ರಿಲಲ್ಲಿ ಬಂದ 139ನೇ ಅಧ್ಯಾಯದಲ್ಲಿ, ನನಗೆ ತಡಕೊಳ್ಳೋಕಾಗ್ಲಿಲ್ಲ. ನಮಗೋಸ್ಕರ ಕೊಲೆಗಾರ ಆದ್ಯಲ್ಲ ಅಂತ ಆರ್ಮಿನ್ ಥ್ಯಾಂಕ್ಸ್ ಹೇಳ್ತಾನೆ! ಫೋನ್ ಮಂಚದ ಮೇಲೆ ಎಸೆದಿದ್ದೆ. ಅನಿಮೆಗೆ ಆ ಭಾಗವನ್ನ ಇಸಾಯಾಮಾ ಅವರೇ ತಿದ್ದಿ ಬರೆದರು. ಇಲ್ಲಿ ಆರ್ಮಿನ್ ಕೃತಜ್ಞತೆ ಹೇಳಲ್ಲ, ಪಾಪದಲ್ಲಿ ಪಾಲು ತಗೋತಾನೆ, ನರಕದಲ್ಲೂ ಜೊತೆಗಿರ್ತೀನಿ ಅಂತಾನೆ. ಅದಕ್ಕೇ ಮಾಂಗಾ ಓದಿ ಮುಗಿಸ್ಲಾ ಅಂತ ನೀವು ಕೇಳಿದ್ದಕ್ಕೆ ನನ್ನ ಉತ್ತರ ಬೇಡ ಅಂತ. ಸಾಮಾನ್ಯವಾಗಿ ನಾನು ಮಾಂಗಾ ಪಕ್ಷ, ಇದೊಂದರಲ್ಲಿ ಅನಿಮೆ.

ಇನ್ನೊಂದೇ ಮಾತು. ಎರಡನೇ ಸ್ಪೆಷಲ್ ಕೊನೇಲಿ ಹೆಸರುಗಳು ಓಡೋಕೆ ಶುರುವಾದ ತಕ್ಷಣ ಎದ್ದು ಹೋಗ್ಬೇಡಿ. ಮಾಂಗಾದ 34ನೇ ಸಂಪುಟಕ್ಕೆ ಆಮೇಲೆ ಸೇರಿಸಿದ ಎಂಟು ಪುಟ ಆ ಹೆಸರುಗಳ ಹಿಂದೆಯೇ ಓಡುತ್ತೆ. ನನ್ನ ಟೀವಿ ಅಷ್ಟರಲ್ಲಿ ತಾನಾಗೇ ಬೇರೆ ಯಾವ್ದೋ ಅಡುಗೆ ಶೋ ಹಾಕಿಬಿಡ್ತು. ಆಟೋಪ್ಲೇ ಮೊದಲೇ ಆಫ್ ಮಾಡಿಟ್ಕೊಳ್ಳಿ.